ಬೀಡಿ ಸೇದೋರಿಗೆ ಇನ್ನೆಷ್ಟು ಸಲ ಕಪ್ಪು ಶ್ವಾಸಕೋಶ ತೋರಿಸ್ತೀರಿ?

ಮೇ 31 ಬಂದರೆ ಊರೂರಲ್ಲೂ ಒಂದೇ ಕಾರ್ಯಕ್ರಮ. ಮಕ್ಕಳ ಜಾಥಾ, ಕಪ್ಪಾದ ಶ್ವಾಸಕೋಶದ ಬ್ಯಾನರ್, ಭಾಷಣ, ಕೊನೆಗೆ ಪ್ರತಿಜ್ಞೆ. ಇಂಥ ಸುದ್ದಿಗಳನ್ನು ನಾವೂ ಬರೆದಿದ್ದೇವೆ. ಬೀಡಿ ಸೇದುವವರು ಮಾತ್ರ ಅಲ್ಲಿ ಇರುವುದಿಲ್ಲ. ಅವರು ಆ ಹೊತ್ತಿಗೆ ಚಹಾದಂಗಡಿ ಹಿಂದೆ ನಿಂತು ಸೇದುತ್ತಿರುತ್ತಾರೆ.

ಇನ್ನೂ ಜೋರಾಗಿ ಹೆದರಿಸಬೇಕು ಎನ್ನುವವರ ಜೊತೆ ನಮ್ಮ ಜಗಳ. 2016ರಿಂದ ಪ್ಯಾಕೆಟ್ಟಿನ ಶೇ. 85 ಭಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕೆಂಬ ನಿಯಮವಿದೆ. ಇರಲಿ, ಹೊಸದಾಗಿ ಶುರು ಮಾಡುವ ಹುಡುಗರು ನೋಡಲಿ. ಮೂವತ್ತು ವರ್ಷದಿಂದ ಸೇದುವ ರೈತನಿಗೆ ಅದರಲ್ಲಿ ಹೊಸದೇನಿದೆ? ಹೆದರಿಸಿ ದಾರಿ ತೋರಿಸದಿದ್ದರೆ ಮನಸ್ಸು ಬೀಡಿಯನ್ನು ಬಿಡುವುದಿಲ್ಲ, ಹೆದರಿಕೆಯನ್ನೇ ಓಡಿಸುತ್ತದೆ. "ನಮ್ಮಜ್ಜ ಸಾಯೋವರೆಗೂ ಸೇದಿದ, ಕಲ್ಲಿನಂಗಿದ್ದ" ಎಂಬ ಮಾತು ಕೇಳದ ಅರಳಿಕಟ್ಟೆ ಯಾವುದು? ಅದು ದಡ್ಡತನವಲ್ಲ, ಹೆದರಿದವನ ಗುರಾಣಿ.

ಬೈದರಂತೂ ಕೆಲಸ ಕೆಟ್ಟಿತು. ನಾವು "ಬಿಡು" ಎಂದಷ್ಟೂ ಅವನು ಬಿಡದಿರಲು ಕಾರಣ ಹೇಳುತ್ತಾನೆ, ಹೇಳುತ್ತಾ ಹೇಳುತ್ತಾ ತಾನೇ ನಂಬುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತ ಬಿಡಿಸುವ ಕೆಲಸದ ಬಗ್ಗೆ 1983ರಲ್ಲೇ ಬೇರೆ ದಾರಿ ಬರೆದರು. ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದ ಆ ಪದ್ಧತಿ ಈಗ ತಂಬಾಕಿಗೂ ಬಳಕೆಯಲ್ಲಿದೆ. ಭಾಷಣ ಬಿಟ್ಟು ಕೇಳಿ: ಬೀಡಿಯಿಂದ ನಿಮಗೇನು ಸಿಗುತ್ತೆ? ಏನು ಬೇಸರ? ಹಿಂದೆ ಬಿಟ್ಟಿದ್ರಾ, ಎಷ್ಟು ದಿನ? ಬಿಡುವ ಕಾರಣ ಸೇದುವವನ ಬಾಯಿಂದಲೇ ಬರಬೇಕು.

ಹೌದು, ಅವನಿಗೆ ಏನೋ ಸಿಗುತ್ತದೆ. ಕೂಲಿಯವನು ಸುಮ್ಮನೆ ಕೂತರೆ ಹೊಲದ ಮಾಲೀಕ ಗದರುತ್ತಾನೆ, ಬೀಡಿ ಹಚ್ಚಿ ಕೂತರೆ ಸುಮ್ಮನಿರುತ್ತಾನೆ. ಬೀಡಿ ಎಂದರೆ ಐದು ನಿಮಿಷ ಕೂರುವ ಹಕ್ಕು. ಇದನ್ನು ಕೇಳಿಸಿಕೊಳ್ಳದೆ ಬುದ್ಧಿ ಹೇಳಲು ಬಂದವರು ಅವನ ಕಣ್ಣಿಗೆ ಆ ಐದು ನಿಮಿಷವನ್ನೂ ಕಿತ್ತುಕೊಳ್ಳಲು ಬಂದವರು. (ಭಾಷಣ ಮುಗಿಸಿ ಕಾರಿನಲ್ಲಿ ಸಿಗರೇಟು ಹಚ್ಚುವ ಮುಖಂಡರ ಬಗ್ಗೆ ಇನ್ನೊಮ್ಮೆ ಬರೆಯುತ್ತೇವೆ.)

ಬಿಟ್ಟ ಮೊದಲ ವಾರ ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ. ಅದು ನಿಕೋಟಿನ್ನಿನ ಕೆಲಸ, ಗಂಡಸುತನದ ಪರೀಕ್ಷೆಯಲ್ಲ. ಹಲವು ಸಲ ಬಿಟ್ಟು ಹಿಡಿದ ಮೇಲೆಯೇ ಬಹಳ ಜನ ಪೂರ್ತಿ ಬಿಡುವುದು. ನಾಲ್ಕನೇ ದಿನ ಮತ್ತೆ ಹಚ್ಚಿದವನಿಗೆ ಮನೆಯವರು "ನಿನ್ನ ಕೈಲಾಗಲ್ಲ" ಅಂದರೆ, ಅವನು ತಡೆದುಕೊಂಡ ಮೂರು ದಿನ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಬ್ಯಾನರಿಗೆ ದುಡ್ಡು ಸುರಿಯುವವರು 1800-11-2356 ಎಂಬ ಉಚಿತ ಸಹಾಯವಾಣಿ ನಂಬರನ್ನು ಯಾಕೆ ದೊಡ್ಡದಾಗಿ ಬರೆಸುವುದಿಲ್ಲ? ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಮೇ 31ಕ್ಕೆ ವೇದಿಕೆ ಬೇಡ. ಊರಲ್ಲಿ ಬೀಡಿ ಬಿಟ್ಟ ನಾಲ್ಕು ಜನರನ್ನು ಆ ಚಹಾದಂಗಡಿ ಹಿಂದಕ್ಕೆ ಕಳಿಸಿ. ಚಹಾದ ಬಿಲ್ಲು ಪಂಚಾಯಿತಿ ಕೊಡಲಿ.