ಬಿಪಿ ಹತೋಟಿಗೆ ಮನೆಮಂದಿಯೂ ಬೇಕು



2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಹೃದಯಾಘಾತದ ಪ್ರಕರಣಗಳು ಏಕಾಏಕಿ ಹೆಚ್ಚಿಲ್ಲವೆಂದು ಹೇಳಿತು. ಅಧಿಕ ರಕ್ತದೊತ್ತಡ (ಬಿಪಿ), ಮಧುಮೇಹ, ಧೂಮಪಾನದಂಥ ಹಳೆಯ ಕಾರಣಗಳತ್ತಲೇ ಬೊಟ್ಟು ಮಾಡಿತು. ಆದರೂ ನಮ್ಮ ಚರ್ಚೆಯೆಲ್ಲ ಇಸಿಜಿ, ಸಿಪಿಆರ್, ಮರಣೋತ್ತರ ಪರೀಕ್ಷೆಗಳ ಸುತ್ತಲೇ ನಡೆಯಿತು. ಅವೆಲ್ಲ ಬೇಕಾದವೇ. ಆದರೆ ಎದೆನೋವು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆಗಬೇಕಾದ ಬಿಪಿ ಹತೋಟಿಯ ಕೆಲಸ ಹಿಂದೆಯೇ ಉಳಿಯಿತು.

ಬಿಪಿ ಸಾಮಾನ್ಯವಾಗಿ ಯಾವ ನೋವನ್ನೂ ಕೊಡುವುದಿಲ್ಲ. ಹಾಗಾಗಿ ಸ್ವಲ್ಪ ಹಗುರವೆನಿಸಿದೊಡನೆ ಮಾತ್ರೆ ನಿಲ್ಲಿಸುವವರು ಬಹಳ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇ 24, ಮಹಿಳೆಯರಲ್ಲಿ ಶೇ 21 ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇಷ್ಟು ಜನರಿಗೆ ಚೀಟಿ ಬರೆದುಕೊಟ್ಟರೆ ಸಾಲದು, ಊಟದ ಉಪ್ಪೂ ಕಡಿಮೆಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಆದರೆ ಸಾರಿಗೆ ಎಷ್ಟು ಉಪ್ಪು ಬೀಳಬೇಕೆಂಬುದು ರೋಗಿಯೊಬ್ಬರ ಕೈಯಲ್ಲಿಲ್ಲ, ಇಡೀ ಮನೆಗೆ ಒಂದೇ ಪಾತ್ರೆಯ ಸಾರು. ಆದ್ದರಿಂದ ಬಿಪಿ ಇರುವವರನ್ನೂ ಅವರ ಮನೆಯವರನ್ನೂ ಒಟ್ಟಿಗೆ ಕೂರಿಸುವ ಗುಂಪುಗಳು ಊರೂರಲ್ಲಿ ಆಗಬೇಕು. ಕೇರಳ ಮತ್ತು ಆಂಧ್ರದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮೂರು ತಿಂಗಳ ಕಾಲ ಹದಿನೈದು ದಿನಕ್ಕೊಮ್ಮೆ ಬಿಪಿ ಇರುವವರ ಗುಂಪು ಸಭೆ ನಡೆಸಿದಾಗ, ಬಿಪಿ ಹತೋಟಿ ಸುಧಾರಿಸಿದ್ದನ್ನು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ ಗ್ರಾಮಗಳಲ್ಲಿ ಕಾರ್ಯಕರ್ತೆಯರು ಮನೆಗೇ ಹೋಗಿ ಬಿಪಿ ನೋಡಿ ತಿಳಿವಳಿಕೆ ಹೇಳಿದ ಪ್ರಯೋಗವೂ ಅಂಥದ್ದೇ ಫಲ ಕೊಟ್ಟಿತು.

ಆಶಾ ಕಾರ್ಯಕರ್ತೆಯರ ಮೇಲೆ ಈಗಾಗಲೇ ಹೊರೆ ಹೆಚ್ಚಿದೆ ಎಂಬ ಆಕ್ಷೇಪ ನಿಜ. ಗೌರವಧನಕ್ಕಾಗಿ ಅವರು ಬೀದಿಗಿಳಿದದ್ದನ್ನು ನಾಡು ಕಂಡಿದೆ. ಆದ್ದರಿಂದ ಈ ಕೆಲಸಕ್ಕೆ ಪ್ರತ್ಯೇಕ ಹಣ ಕೊಡಲೇಬೇಕು. ಕಾಯಿಲೆಯ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆಂಬ ಅಳುಕೂ ಸಹಜವೇ. ಸೇರುವುದು ಬಿಡುವುದು ಅವರವರ ಇಷ್ಟಕ್ಕೇ ಬಿಟ್ಟದ್ದಾಗಿರಲಿ, ಗುಂಪಿನಲ್ಲಿ ಯಾರ ಬಿಪಿಯನ್ನೂ ಓದಿ ಹೇಳುವುದು ಬೇಡ. ಗಂಡಸರು ಬರುವುದಿಲ್ಲ ಎನ್ನುವವರಿದ್ದಾರೆ. ಸ್ತ್ರೀಶಕ್ತಿ ಸಂಘಗಳ ಜೊತೆಗೆ, ಬೆಳಿಗ್ಗೆ ಸಂಜೆ ಗಂಡಸರೂ ಬರುವ ಹಾಲಿನ ಡೇರಿಗಳಲ್ಲೂ ಸಭೆ ನಡೆಸಿದರೆ ಆ ಕೊರತೆ ತುಂಬುತ್ತದೆ. ಗುಂಪು ಮಾತ್ರೆಗೆ ಬದಲಿಯಲ್ಲ ಎಂಬುದೂ ಸರಿ. ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯ ತಪಾಸಣೆ ಮತ್ತು ಉಚಿತ ಮಾತ್ರೆ ತಪ್ಪದೆ ಸಿಗುವಂತಿದ್ದರೆ ಮಾತ್ರ ಗುಂಪಿಗೆ ಅರ್ಥ.

ಜಿಲ್ಲಾ ಆರೋಗ್ಯ ಇಲಾಖೆಯೂ ಜಿಲ್ಲಾ ಪಂಚಾಯಿತಿಯೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಆರಿಸಿಕೊಂಡು ಒಂದು ವರ್ಷ ಈ ಗುಂಪುಗಳನ್ನು ನಡೆಸಲಿ, ಎಷ್ಟು ಜನರ ಬಿಪಿ ಹತೋಟಿಗೆ ಬಂತೆಂದು ಜನರ ಮುಂದಿಡಲಿ. ಮುಂದಿನ ಸಾವಿನ ಸುದ್ದಿಗೆ ಕಾಯದೆ ಈ ಕೆಲಸ ಈಗಲೇ ಆರಂಭವಾಗಬೇಕೆಂದು ಒತ್ತಾಯಿಸುತ್ತೇನೆ.

– ಓದುಗ, ಹೊಳೆನರಸೀಪುರ