ಅನ್ನದ ಮುಂದೆ ಉಪವಾಸ

ಹಜಾರದ ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ಆ ನೀರಿನಲ್ಲಿ ದೂರದ ಸಮುದ್ರದಿಂದ ಹಿಡಿದು ತಂದ ಬಣ್ಣಬಣ್ಣದ ಮೀನುಗಳು. ನಮ್ಮ ನಗರಗಳ ಅನುಕೂಲಸ್ಥರ ಮನೆಗಳಲ್ಲಿ ಇಂದು ಇದು ಅಭಿರುಚಿಯ ಗುರುತೆನಿಸಿಕೊಂಡಿದೆ. ಈ ಹವ್ಯಾಸವನ್ನು ಇಡಿಯಾಗಿ ದೂಷಿಸುವುದು ನನ್ನ ಉದ್ದೇಶವಲ್ಲ. ಶ್ರದ್ಧೆಯಿಂದ ಸಾಕುವವರಿಗೆ ಅದು ಒಂದು ಪಾಠಶಾಲೆಯೂ ಆಗಬಲ್ಲದು. ಆದರೆ ಒಂದು ಮೀನಿನ ಪರವಾಗಿ ನಾನಿಲ್ಲಿ ವಾದಿಸಲೇಬೇಕಾಗಿದೆ. ಅದರ ಹೆಸರು ಮ್ಯಾಂಡರಿನ್ ಮೀನು. ಸಮುದ್ರದಿಂದ ಹಿಡಿದು ತಂದ ಈ ಮೀನನ್ನು ಸಾಮಾನ್ಯ ಗೃಹಸ್ಥನೊಬ್ಬನು ಕೊಳ್ಳುವುದೆಂದರೆ, ಹಣ ಕೊಟ್ಟು ಒಂದು ಜೀವದ ಹಸಿವನ್ನು ಮನೆಗೆ ತರುವುದೆಂದೇ ಅರ್ಥ.

ಮೊದಲು ಈ ಜೀವಿಯ ಪರಿಚಯವಾಗಲಿ. ಬೆರಳುದ್ದದ ಮೀನಿದು, ಬಲಿತದ್ದೂ ಏಳೆಂಟು ಸೆಂಟಿಮೀಟರ್ ದಾಟುವುದು ಅಪರೂಪ. ಜಪಾನಿನ ದಕ್ಷಿಣದ ರ್ಯೂಕ್ಯೂ ದ್ವೀಪಗಳಿಂದ ಫಿಲಿಪೈನ್ಸ್ ಮತ್ತು ಇಂಡೋನೇಷ್ಯಾಗಳ ಮೂಲಕ ಆಸ್ಟ್ರೇಲಿಯಾದವರೆಗೆ ಹಬ್ಬಿರುವ ಹವಳದ ದಿಬ್ಬಗಳೇ ಅದರ ತವರು. ನಮ್ಮ ಕರಾವಳಿಯ ಸಮುದ್ರದಲ್ಲಿ ಅದಿಲ್ಲ. ಫಿಲಿಪೈನ್ಸ್‌ನಲ್ಲಿ ಮೀನುಗಳ ಅಧ್ಯಯನ ನಡೆಸಿದ ಅಮೆರಿಕದ ವಿಜ್ಞಾನಿ ಆಲ್ಬರ್ಟ್ ಹೆರ್ ಅವರು 1927ರಲ್ಲಿ ಅದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ನೀಲಿಯ ಮೇಲೆ ಕಿತ್ತಳೆಯ ಬಳ್ಳಿಗಳು, ನಡುನಡುವೆ ಹಸಿರಿನ ಗೆರೆಗಳು. ಹಿಂದಿನ ಚೀನಾದ ಅರಮನೆಯ ಅಧಿಕಾರಿಗಳಾದ ಮ್ಯಾಂಡರಿನರ ರೇಷ್ಮೆ ನಿಲುವಂಗಿಯನ್ನು ನೆನಪಿಸುವುದರಿಂದಲೇ ಆ ಹೆಸರು. ಪ್ರಾಣಿಲೋಕದಲ್ಲಿ ನಾವು ಕಾಣುವ ನೀಲಿಯು ಬಹುಮಟ್ಟಿಗೆ ಬೆಳಕಿನ ಚಮತ್ಕಾರ. ಈ ಮೀನಿನ ಚರ್ಮದಲ್ಲಾದರೋ ನಿಜವಾದ ನೀಲಿ ವರ್ಣದ್ರವ್ಯವಿರುವ ಕೋಶಗಳಿವೆಯೆಂದು ಜಪಾನಿನ ಸಂಶೋಧಕರು 1995ರಲ್ಲಿ ತೋರಿಸಿಕೊಟ್ಟರು. ಇಂತಹ ಅಪರೂಪದ ಚೆಲುವೇ ಅದಕ್ಕೆ ಮುಳುವಾಗಿದೆ.

ಅದು ಬದುಕುವ ಬಗೆಯನ್ನು ಗಮನಿಸಿರಿ. ಹವಳದ ಸಂದುಗೊಂದುಗಳಲ್ಲಿ ಮೆಲ್ಲಮೆಲ್ಲನೆ ತೆವಳಿದಂತೆ ಸಾಗುತ್ತ, ಕಣ್ಣನ್ನು ಅತ್ತಿತ್ತ ಹೊರಳಿಸುತ್ತ, ಬಂಡೆಗೆ ಅಂಟಿಕೊಂಡಿರುವ ಕೋಪೆಪಾಡ್ ಮುಂತಾದ ಅತಿಸಣ್ಣ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಕೋಳಿಯು ಅಂಗಳದಲ್ಲಿ ಕಾಳು ಹೆಕ್ಕುವಂತೆ ದಿನವಿಡೀ ನಡೆಯುವ ಕಾಯಕವಿದು. ಅದಕ್ಕೆ ಆಹಾರವೆಂದರೆ ಚಲಿಸುವ, ಜೀವವಿರುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ವಸ್ತು.

ಈಗ ಅದೇ ಮೀನನ್ನು ನಿಮ್ಮ ತೊಟ್ಟಿಯಲ್ಲಿ ಕಲ್ಪಿಸಿಕೊಳ್ಳಿ. ಯಜಮಾನನು ಬೆಳಿಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಒಣ ಆಹಾರ ಉದುರಿಸುತ್ತಾನೆ. ಉದಾರಿಯಾದರೆ ಹೆಪ್ಪುಗಟ್ಟಿಸಿದ ಸೀಗಡಿಯ ಚೂರುಗಳನ್ನೂ ಹಾಕುತ್ತಾನೆ. ಉಳಿದ ಮೀನುಗಳು ಮುಗಿಬಿದ್ದು ತಿನ್ನುತ್ತವೆ. ಮ್ಯಾಂಡರಿನ್ ಮೀನು ಅದರ ಪಕ್ಕದಲ್ಲಿಯೇ ಹಾದುಹೋಗುತ್ತದೆ. ಅದು ಆಹಾರವೆಂದೇ ಹೆಚ್ಚಿನವುಗಳಿಗೆ ತಿಳಿಯುವುದಿಲ್ಲ. ಬಂಡೆಯ ಮೇಲಿದ್ದ ಅಷ್ಟಿಷ್ಟು ಸೂಕ್ಷ್ಮಜೀವಿಗಳು ಕೆಲವೇ ದಿನಗಳಲ್ಲಿ ಮುಗಿಯುತ್ತವೆ. ಅಲ್ಲಿಂದ ಮುಂದಕ್ಕೆ ಉಪವಾಸ. ಕೆಲವು ವಾರಗಳಲ್ಲಿ, ತಡವಾದರೆ ಕೆಲವು ತಿಂಗಳುಗಳಲ್ಲಿ, ಅನ್ನದ ಮುಂದೆಯೇ ಹಸಿದು ಸಾಯುತ್ತದೆ. ಸಮುದ್ರದ ಮೀನುಗಳನ್ನು ಸಾಕಿ ಬಲ್ಲವರೆಲ್ಲರಿಗೂ ತಿಳಿದ ಸಂಗತಿಯಿದು. ಕೊಳ್ಳುವವನಿಗೆ ಮಾತ್ರ ಯಾರೂ ಹೇಳುವುದಿಲ್ಲ.

ಇದಕ್ಕಿಂತ ಕ್ರೂರವಾದ ಸಂಗತಿಯೊಂದಿದೆ. ಈ ಮೀನಿಗೆ ಶಲ್ಕಗಳಿಲ್ಲ; ಮೈಮೇಲೆ ದಪ್ಪನೆಯ ಲೋಳೆಯಿದೆ. ಆ ಲೋಳೆಯ ರಕ್ಷಣೆಯಿಂದಾಗಿ ಇತರ ಮೀನುಗಳನ್ನು ಕಾಡುವ ಬಿಳಿಚುಕ್ಕೆ ರೋಗ ಇದಕ್ಕೆ ಅಷ್ಟು ಸುಲಭವಾಗಿ ತಗಲುವುದಿಲ್ಲ. ಆದಕಾರಣ ಮಾರುವವನು "ಇದು ಗಟ್ಟಿ ಮೀನು ಸ್ವಾಮಿ, ರೋಗವೇ ಬರುವುದಿಲ್ಲ" ಎನ್ನುತ್ತಾನೆ. ಮಾತು ಸುಳ್ಳಲ್ಲ, ಸತ್ಯದ ಅರ್ಧಭಾಗ ಅಷ್ಟೇ. ಹೊಟ್ಟೆ ಬೆನ್ನಿಗೆ ಹತ್ತಿದಾಗಲೂ ಮೈಯ ಬಣ್ಣ ಝಗಝಗಿಸುತ್ತಲೇ ಇರುವುದರಿಂದ ನೋಡುವವನ ಕಣ್ಣಿಗೆ ಮೀನು ಚೆನ್ನಾಗಿಯೇ ಇದೆ. ಒಂದು ಬೆಳಿಗ್ಗೆ ಅದು ಸತ್ತು ಬಿದ್ದಿರುತ್ತದೆ. "ನೀರು ಕೆಟ್ಟಿರಬೇಕು" ಎಂದು ಮನೆಯವರು ಸಮಾಧಾನಪಟ್ಟುಕೊಂಡು ಮತ್ತೊಂದನ್ನು ತರುತ್ತಾರೆ. ಒಂದರ ಸಾವೇ ಇನ್ನೊಂದರ ಮಾರಾಟಕ್ಕೆ ದಾರಿಯಾಗುವ ವ್ಯಾಪಾರದಲ್ಲಿ ಸತ್ಯ ಹೇಳುವುದರಿಂದ ಯಾರಿಗೆ ಲಾಭ?

"ನಾನು ಅದಕ್ಕೆ ಬೇಕಾದ ಆಹಾರವನ್ನೇ ಬೆಳೆಸುತ್ತೇನೆ" ಎಂದು ತಾವು ಹೇಳಬಹುದು. ಒಳ್ಳೆಯದು; ಆದರೆ ಹಾಗೆಂದರೇನು ಎಂಬುದನ್ನು ಅರಿತು ಹೇಳಿರಿ. ಲೀಟರಿಗೆ ಸುಮಾರು 35 ಗ್ರಾಂ ಲವಣವಿರುವ ನೀರನ್ನು ಏರುಪೇರಿಲ್ಲದೆ ಕಾಯಬೇಕು. ಮೀನಿನ ಮಲದಿಂದ ಹುಟ್ಟುವ ಅಮೋನಿಯಾ ವಿಷವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳಾದರೂ ಬೇಕು. ಅದು ಆರಂಭ ಮಾತ್ರ. ಜೀವಸಮೃದ್ಧವಾದ ಬಂಡೆಗಳ ನಡುವೆ ಕೋಪೆಪಾಡ್‌ಗಳು ತಾವಾಗಿ ವೃದ್ಧಿಯಾಗಿ, ತಿಂದಷ್ಟೂ ಮತ್ತೆ ಹುಟ್ಟುವ ಸ್ಥಿತಿ ಬರಲು ತಿಂಗಳುಗಳು, ಅನೇಕ ವೇಳೆ ಒಂದು ವರ್ಷವೇ ಬೇಕು. ತೊಟ್ಟಿ ನೂರಾರು ಲೀಟರಿನದಾಗಿರಬೇಕು. ಅದೇ ಆಹಾರಕ್ಕೆ ಪೈಪೋಟಿ ನಡೆಸುವ ಬೇರೆ ಮೀನುಗಳು ಅದರಲ್ಲಿರಬಾರದು. ಇಷ್ಟೆಲ್ಲವನ್ನೂ ಮಾಡುವ ತಾಳ್ಮೆ ಮತ್ತು ವಿದ್ಯೆಯುಳ್ಳವರು ಇದ್ದಾರೆ. ಅವರ ತೊಟ್ಟಿಯಲ್ಲಿ ಈ ಮೀನು ವರ್ಷಗಟ್ಟಲೆ ಬದುಕಿದ್ದೂ ಉಂಟು. ಆದರೆ ಭಾನುವಾರ ಸಂಜೆ ಮಕ್ಕಳೊಡನೆ ಅಂಗಡಿಗೆ ಹೋಗಿ, ಬಣ್ಣಕ್ಕೆ ಮರುಳಾಗಿ, ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು ಬರುವವರು ಆ ಗುಂಪಿಗೆ ಸೇರಿದವರಲ್ಲ.

ಎರಡನೆಯ ಸಮಜಾಯಿಷಿ ಇದು: "ಹೇಗೂ ಹಿಡಿದು ತಂದಾಗಿದೆ, ಅಂಗಡಿಯಲ್ಲಿ ಸಾಯುವ ಬದಲು ನನ್ನ ಮನೆಯಲ್ಲಿರಲಿ." ಕರುಣೆಯ ವೇಷ ತೊಟ್ಟ ಈ ಮಾತು ಅತ್ಯಂತ ಅಪಾಯಕಾರಿ. ಅಂಗಡಿಯ ಗಾಜಿನ ಹಿಂದೆ ಒಂದು ಸ್ಥಾನ ಖಾಲಿಯಾದೊಡನೆ ಸಾವಿರಾರು ಮೈಲಿ ದೂರದ ಹವಳದ ದಿಬ್ಬದಲ್ಲಿ ಇನ್ನೊಂದು ಮೀನಿಗೆ ಬಲೆ ಬೀಳುತ್ತದೆ. ನೀವು ಒಂದನ್ನು ಬಿಡಿಸಲಿಲ್ಲ. ಮತ್ತೊಂದನ್ನು ಹಿಡಿಯಲು ಅಪ್ಪಣೆ ಕೊಟ್ಟಿರಿ.

ಆ ದಿಬ್ಬದಲ್ಲಿ ಏನು ನಷ್ಟವಾಗುತ್ತದೆ ಎಂಬುದನ್ನೂ ತಿಳಿಯಿರಿ. ಸೂರ್ಯ ಮುಳುಗುವ ಹೊತ್ತಿಗೆ ಈ ಮೀನುಗಳು ಮರೆಯಿಂದ ಹೊರಬರುತ್ತವೆ. ಹೆಣ್ಣು ದೊಡ್ಡ ಗಾತ್ರದ ಗಂಡನ್ನು ಆರಿಸಿಕೊಳ್ಳುತ್ತದೆ. ಎರಡೂ ಮೈಗೆ ಮೈ ತಾಗಿಸಿ ಒಂದು ಮೀಟರಿನಷ್ಟು ಮೇಲಕ್ಕೇರಿ, ನೀರಿನಲ್ಲಿ ತತ್ತಿಗಳನ್ನು ತೇಲಿಬಿಟ್ಟು, ಕ್ಷಣಮಾತ್ರದಲ್ಲಿ ಕತ್ತಲೆಗೆ ಮರಳುತ್ತವೆ. ವ್ಯಾಪಾರಕ್ಕೆ ಬೇಕಾದುದೂ ಉದ್ದ ರೆಕ್ಕೆಯ ಆ ದೊಡ್ಡ ಗಂಡುಗಳೇ! ಸಂತತಿಗೆ ಆಧಾರವಾದುದನ್ನೇ ಆರಿಸಿ ತೆಗೆಯುತ್ತೇವೆ. ಎರಡು ಗಂಡುಗಳು ಒಂದೇ ತೊಟ್ಟಿಯಲ್ಲಿ ಕಾದಾಡುವುದರಿಂದ ಅದು ಬಹುಶಃ ಒಂಟಿಯಾಗಿಯೇ ಬಾಳಿ ಸಾಯುತ್ತದೆ.

ಮೂರನೆಯ ಆಕ್ಷೇಪಣೆ ಗೌರವಕ್ಕೆ ಅರ್ಹವಾದುದು: "ಅಲ್ಲಿನ ಬಡ ಬೆಸ್ತರ ಹೊಟ್ಟೆಪಾಡು ಏನಾಗಬೇಕು?" ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಆ ಬೆಸ್ತನ ಸ್ಥಿತಿಯನ್ನು ನೋಡಿರಿ. ಫಿಲಿಪೈನ್ಸ್‌ನಲ್ಲಿ 1960ರ ದಶಕದಿಂದ ಅಲಂಕಾರದ ಮೀನುಗಳನ್ನು ಮಂಕಾಗಿಸಿ ಹಿಡಿಯಲು ಸೋಡಿಯಂ ಸಯನೈಡ್ ಬಳಸುವ ದುರಭ್ಯಾಸ ಬೆಳೆಯಿತು. ಕಾನೂನು ನಿಷೇಧಿಸಿದರೂ ಅದು ಪೂರ್ತಿ ಅಳಿಯಲಿಲ್ಲ. ಸೀಸೆಯಿಂದ ಚಿಮ್ಮಿಸಿದ ಆ ವಿಷ ಮೀನನ್ನಷ್ಟೇ ಅಲ್ಲ, ಹವಳವನ್ನೂ ಕೊಲ್ಲುತ್ತದೆ. ಹವಳ ಸತ್ತರೆ ನಾಳೆ ಅದೇ ಬೆಸ್ತನ ಮಕ್ಕಳಿಗೆ ಊಟದ ಮೀನೂ ಇಲ್ಲ. ದೋಣಿಯ ಮೇಲಿನ ಕಂಪ್ರೆಸರಿನಿಂದ ಬರುವ ಗಾಳಿಯನ್ನು ಕೊಳವೆಯಲ್ಲಿ ಉಸಿರಾಡುತ್ತ ಆಳಕ್ಕಿಳಿದು ಅಂಗವಿಕಲರಾದವರೂ ಇದ್ದಾರೆ. ಲಾಭದ ಸಿಂಹಪಾಲು ಮಧ್ಯವರ್ತಿಗಳಿಗೆ, ಅಪಾಯ ಮಾತ್ರ ಮುಳುಗುವವನಿಗೆ. ಬೆಸ್ತನ ಬಡತನವು ನಮ್ಮ ಶೋಕಿಗೆ ಸಮರ್ಥನೆಯಾಗಲಾರದು.

ಫಿಲಿಪೈನ್ಸ್‌ನ ಧರ್ಮಾಧ್ಯಕ್ಷರು ತಮ್ಮ ನಾಡಿನ ಪರಿಸರದ ಕುರಿತು 1988ರಲ್ಲಿ ಬರೆದ ಪತ್ರದಲ್ಲಿ, ಸತ್ತುಹೋಗುತ್ತಿರುವ ಹವಳದ ದಿಬ್ಬಗಳಿಗಾಗಿ ಮರುಗಿದ್ದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು 'ಲಾವ್ದಾತೊ ಸೀ' ಪತ್ರದಲ್ಲಿ ಅದನ್ನೇ ನೆನೆದರು. ಸೃಷ್ಟಿಯ ಮೇಲೆ ಮಾನವನಿಗೆ ಅಧಿಕಾರವಿದೆಯೆಂದು ವಾದಿಸುವ ವಿಶ್ವಾಸಿಗಳು ಇದನ್ನು ಗಮನಿಸಬೇಕು. ಅಧಿಕಾರವಿರುವವನಿಗೆ ಉಣಿಸುವ ಹೊಣೆಯೂ ಉಂಟು. ಉಣಿಸಲಾರದವನು ಬಾಗಿಲು ಹಾಕಿ ಬಂಧಿಸಿಡುವುದನ್ನು ಯಾವ ನ್ಯಾಯವೂ ಒಪ್ಪದು. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಸಮುದ್ರದ ಚೆಲುವನ್ನು ಸವಿಯುವುದೇ ಬೇಡವೇ? ಖಂಡಿತವಾಗಿಯೂ ಬೇಕು. ಮುರ್ಡೇಶ್ವರದ ಕಡಲಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳವೂ ಬಣ್ಣದ ಮೀನುಗಳೂ ಇವೆ; ನೀರಿಗಿಳಿದು ಅವುಗಳ ಮನೆಯಲ್ಲಿಯೇ ಅವುಗಳನ್ನು ಕಂಡು ಬರಬಹುದು. ಮನೆಯಲ್ಲೇ ಸಾಕುವ ಹಂಬಲವಿದ್ದವರಿಗೆ ಕ್ಲೌನ್ ಮೀನು ಇದೆ. ಅದು ಕೊಟ್ಟ ಒಣ ಆಹಾರವನ್ನೂ ತಿನ್ನುತ್ತದೆ. ಅದನ್ನು ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಸಿದ್ಧಪಡಿಸಿದೆ. ಮ್ಯಾಂಡರಿನ್ ಮೀನನ್ನೂ ವಿದೇಶದ ಕೆಲವು ಸಾಕಣೆ ಕೇಂದ್ರಗಳಲ್ಲಿ ಮರಿ ಮಾಡಿಸಿ, ಸಿದ್ಧ ಆಹಾರ ತಿನ್ನಲು ರೂಢಿಸುತ್ತಿದ್ದಾರೆ. ಸಾಕಲೇಬೇಕೆಂಬ ಅನುಭವಸ್ಥರು ಅಂತಹುದಕ್ಕಾಗಿ ಕಾಯಲಿ.

ಪ್ರಿಯ ಓದುಗರೇ, ಮುಂದೆಂದಾದರೂ ಅಂಗಡಿಯ ಗಾಜಿನ ಹಿಂದೆ ಆ ನೀಲಿ ಮೀನು ಕಣ್ಣಿಗೆ ಬಿದ್ದರೆ, ಅದರ ಬಣ್ಣವನ್ನು ನೋಡುವ ಮೊದಲು ಹೊಟ್ಟೆಯನ್ನು ನೋಡಿರಿ. ಎಲ್ಲಿಂದ ಬಂತು ಎಂದು ಕೇಳಿರಿ. ನಿಮ್ಮೆದುರಿನಲ್ಲಿಯೇ ಆಹಾರ ಹಾಕಿ ತಿನ್ನಿಸಿ ತೋರಿಸಲು ಹೇಳಿರಿ. ಉತ್ತರ ಬಾರದಿದ್ದರೆ, ಅಥವಾ ಮೀನು ಬಾಯಿ ತೆರೆಯದಿದ್ದರೆ, ಬರಿಗೈಯಲ್ಲಿ ಹೊರಗೆ ಬನ್ನಿರಿ. ಮಗು ಹಟ ಮಾಡಿದರೆ ಕಾರಣವನ್ನು ಬಿಡಿಸಿ ಹೇಳಿರಿ. ಚೆಲುವಾದುದನ್ನೆಲ್ಲ ಸ್ವಂತ ಮಾಡಿಕೊಳ್ಳಬೇಕಾಗಿಲ್ಲ ಎಂಬ ಪಾಠವನ್ನು ಆ ಮಗು ಅಂದು ಕಲಿತರೆ, ತೊಟ್ಟಿಯ ಮುಂದೆ ಹತ್ತು ವರ್ಷ ಕುಳಿತು ಕಲಿಯುವುದಕ್ಕಿಂತ ಅದು ಹೆಚ್ಚಿನದು.