ಮರಳಿ ಕೆಲಸಕ್ಕೆ ಬಂದ ತಾಯಿ: ಮಾಲೀಕರು ಹಾಕಬೇಕಾದ ಲೆಕ್ಕ

ಹೆರಿಗೆ ರಜೆ ಮುಗಿಸಿ ಮರಳಿ ಬಂದ ನುರಿತ ಕೆಲಸಗಾರ್ತಿ ಕೆಲವೇ ವಾರಗಳಲ್ಲಿ ಕೆಲಸ ಬಿಟ್ಟು ಹೋಗುವುದು ಸಣ್ಣ ಉದ್ಯಮಿಗಳಿಗೆ ಹೊಸ ಅನುಭವವೇನಲ್ಲ. ಸಿದ್ಧ ಉಡುಪಿನ ಘಟಕವಾಗಲಿ, ಗೋಡಂಬಿ ಕಾರ್ಖಾನೆಯಾಗಲಿ, ಸಗಟು ಮಳಿಗೆಯ ಲೆಕ್ಕಪತ್ರ ವಿಭಾಗವಾಗಲಿ, ರಾಜೀನಾಮೆಯಲ್ಲಿ ಕಾಣುವ ಕಾರಣ ಒಂದೇ: ‘ಮಗು ಚಿಕ್ಕದು’. ಆ ಎರಡು ಪದಗಳ ಒಳಗೆ ಏನಿದೆ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಅನೇಕ ಸಂದರ್ಭಗಳಲ್ಲಿ ಅದರೊಳಗಿರುವುದು ಎದೆಹಾಲಿನ ಪ್ರಶ್ನೆ. ಇದು ಹೆಂಗಸರ ಮನೆಯ ವಿಷಯ, ವ್ಯಾಪಾರಕ್ಕೆ ಸಂಬಂಧವಿಲ್ಲ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಅದರ ನಷ್ಟ ಮಾಲೀಕರ ಖಾತೆಗೇ ಬರುತ್ತದೆ.

ಮಗುವಿಗೆ ಮೊದಲ 6 ತಿಂಗಳು ಎದೆಹಾಲನ್ನು ಮಾತ್ರ ನೀಡಬೇಕು, ಅನಂತರ ಇತರ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಕಾನೂನು ಮೊದಲ ಎರಡು ಮಕ್ಕಳಿಗೆ ತಲಾ 26 ವಾರಗಳ ವೇತನಸಹಿತ ರಜೆ ನೀಡುತ್ತದೆ. ಎರಡೂ ಸರಿಹೊಂದಿದಂತೆ ಮೇಲ್ನೋಟಕ್ಕೆ ಕಾಣುತ್ತದೆ. ಆದರೆ ಈ 26 ವಾರಗಳಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ಬಳಸಿಕೊಳ್ಳಬಹುದು. ಹಾಗೆ ಬಳಸಿಕೊಂಡ ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ 18 ವಾರ, ಅಂದರೆ ನಾಲ್ಕು ತಿಂಗಳು ತುಂಬಿರುತ್ತದೆ ಅಷ್ಟೆ. ಉಳಿದ ಎರಡು ತಿಂಗಳು ಆ ಮಗುವಿಗೆ ಎದೆಹಾಲು ಮಾತ್ರ ಸಿಗಬೇಕಾದರೆ, ತಾಯಿ ಹಾಲನ್ನು ತೆಗೆದಿಟ್ಟು ಮನೆಗೆ ಒಯ್ಯುವುದು ಅನಿವಾರ್ಯ.

ಹಾಲಿನ ಉತ್ಪತ್ತಿಯ ಕ್ರಮ ವರ್ತಕರಿಗೆ ಬೇಗ ಅರ್ಥವಾಗುವಂಥದ್ದು. ಇಲ್ಲಿ ಬೇಡಿಕೆಯೇ ಪೂರೈಕೆಯನ್ನು ನಿರ್ಧರಿಸುತ್ತದೆ. ಮಗು ಕುಡಿದಷ್ಟೂ ಅಥವಾ ಹಾಲನ್ನು ಹೊರತೆಗೆದಷ್ಟೂ ಹೊಸ ಹಾಲು ಉತ್ಪತ್ತಿಯಾಗುತ್ತದೆ. ತೆಗೆಯದೆ ಉಳಿದರೆ ಉತ್ಪತ್ತಿ ತಾನಾಗಿಯೇ ಇಳಿಯುತ್ತದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಮ್ಮೆಯೂ ಹಾಲು ತೆಗೆಯದಿದ್ದರೆ ಎದೆ ಬಿಗಿದು ನೋಯುತ್ತದೆ, ಬಟ್ಟೆ ಒದ್ದೆಯಾಗುತ್ತದೆ, ಕೆಲವರಿಗೆ ಬಾವು ಮತ್ತು ಜ್ವರ ಬರುತ್ತದೆ. ಇಂಥ ಸ್ಥಿತಿಯಲ್ಲಿ ಯಂತ್ರದ ಮುಂದೆ ಕುಳಿತವರಿಂದ ನಿರ್ದುಷ್ಟ ಕೆಲಸ ನಿರೀಕ್ಷಿಸುವುದು ನ್ಯಾಯವಲ್ಲ. ಸುಮಾರು ಮೂರು ಗಂಟೆಗೊಮ್ಮೆ 15ರಿಂದ 20 ನಿಮಿಷ ಬಿಡುವು ದೊರೆತರೆ ಈ ತೊಂದರೆಯ ಹೆಚ್ಚಿನ ಪಾಲು ತಪ್ಪುತ್ತದೆ. ಇದಕ್ಕೆ ದುಬಾರಿ ಉಪಕರಣವೇ ಬೇಕೆಂದಿಲ್ಲ. ಕೈಯಿಂದಲೇ ಹಿಂಡಿ ತೆಗೆಯಬಹುದು. ಕೈಪಂಪ್ ಅಥವಾ ವಿದ್ಯುತ್ ಪಂಪ್ ಇದ್ದರೆ ಶ್ರಮ ಕಡಿಮೆ.

ಕಾನೂನು ಹೇಳುವುದೇನು?

1961ರ ಹೆರಿಗೆ ಸೌಲಭ್ಯ ಕಾಯ್ದೆಯು ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಹಾಲುಣಿಸುವ ವಿರಾಮಗಳನ್ನು ನೀಡಿತ್ತು. 2017ರ ತಿದ್ದುಪಡಿಯು ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿ, 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುವಿಹಾರವನ್ನು ಕಡ್ಡಾಯಗೊಳಿಸಿತು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಇವನ್ನೆಲ್ಲ ಉಳಿಸಿಕೊಂಡಿದೆ. ಈ ವಿರಾಮಗಳು ಸಾಮಾನ್ಯ ಊಟ-ಉಪಾಹಾರದ ಬಿಡುವಿಗೆ ಹೊರತಾದವು. ಇವುಗಳ ಕಾರಣಕ್ಕೆ ಸಂಬಳ ಕಡಿತ ಮಾಡುವಂತಿಲ್ಲ. ಮಗು ಮನೆಯಲ್ಲಿದ್ದಾಗ ಈ ಸಮಯವನ್ನು ಹಾಲು ತೆಗೆದಿಡಲು ಬಿಟ್ಟುಕೊಡುವುದೇ ಕಾನೂನಿನ ಆಶಯಕ್ಕೆ ತಕ್ಕ ನಡೆ. ಹತ್ತಕ್ಕಿಂತ ಕಡಿಮೆ ಮಂದಿಯಿರುವ ಅಂಗಡಿಗಳು ಈ ವ್ಯಾಪ್ತಿಗೆ ಬರುವುದಿಲ್ಲ ಎಂಬುದು ನಿಜ. ಆದರೆ ಮಗುವಿನ ಹಸಿವು ಹಾಜರಿ ಪುಸ್ತಕದ ಸಂಖ್ಯೆಯನ್ನು ನೋಡಿ ಬರುವುದಿಲ್ಲ.

‘ಕಾನೂನು ಬಿಗಿಯಾದಷ್ಟೂ ಮದುವೆಯಾದ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿರುವುದೇ ಲೇಸು’ ಎಂಬ ಮಾತು ವರ್ತಕ ವಲಯದಲ್ಲಿ ಕೇಳಿಬರುತ್ತದೆ. 26 ವಾರಗಳ ವೇತನದ ಹೊರೆ ಸಣ್ಣ ಘಟಕಕ್ಕೆ ಭಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಇ.ಎಸ್.ಐ. ವ್ಯಾಪ್ತಿಗೆ ಒಳಪಟ್ಟ ಅರ್ಹ ಕೆಲಸಗಾರ್ತಿಗೆ ಆ ಮೊತ್ತವನ್ನು ನೀಡುವುದು ನಿಗಮವೇ ಹೊರತು ಮಾಲೀಕನಲ್ಲ. ಆದ್ದರಿಂದ ವಂತಿಗೆಯನ್ನು ಕಾಲಕಾಲಕ್ಕೆ ಕಟ್ಟುವುದು ಮಾಲೀಕನಿಗೇ ರಕ್ಷಣೆ. ಇನ್ನು ವಿರಾಮದ ವೆಚ್ಚವನ್ನು ನೋಡೋಣ. ತಿಂಗಳಿಗೆ ರೂ. 15,000 ವೇತನದ ಕೆಲಸಗಾರ್ತಿಗೆ ದಿನಕ್ಕೆ 20 ನಿಮಿಷದ ಎರಡು ವಿರಾಮಗಳು ಎಂದರೆ 40 ನಿಮಿಷ. ಎಂಟು ಗಂಟೆಯ ದಿನದಲ್ಲಿ ಹನ್ನೆರಡನೆಯ ಒಂದು ಪಾಲು. ತಿಂಗಳಿಗೆ ರೂ. 1,250. ಮಗುವಿನ ನಾಲ್ಕನೆಯ ತಿಂಗಳಿಂದ ಹದಿನೈದನೆಯ ತಿಂಗಳವರೆಗೆ 11 ತಿಂಗಳಿಗೆ ರೂ. 13,750. ಅಂದರೆ ಒಂದು ತಿಂಗಳ ವೇತನಕ್ಕಿಂತಲೂ ಕಡಿಮೆ. ನುರಿತವಳು ಬಿಟ್ಟುಹೋದರೆ ಹೊಸಬರನ್ನು ಹುಡುಕುವ ಖರ್ಚು, ಕಲಿಸುವ ಅವಧಿಯ ಸಂಬಳ, ಕೆಟ್ಟ ಮಾಲು, ತಡವಾದ ಆರ್ಡರು ಇವುಗಳನ್ನು ಕೂಡಿಸಿ ನೋಡಿದರೆ ಯಾವುದು ಉಳಿತಾಯ, ಯಾವುದು ನಷ್ಟ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಬೇಕಾದ ಏರ್ಪಾಡು

ಒಳಗಿನಿಂದ ಚಿಲಕವಿರುವ ಚಿಕ್ಕ ಕೋಣೆ, ಒಂದು ಕುರ್ಚಿ, ಮೇಜು, ಪ್ಲಗ್ ಪಾಯಿಂಟ್, ಕೈ ತೊಳೆಯಲು ನೀರು ಮತ್ತು ಸಾಬೂನು ಇಷ್ಟು ಸಾಕು. ಶೌಚಾಲಯವನ್ನು ತೋರಿಸಿ ‘ಅಲ್ಲಿ ಹೋಗಿ’ ಎನ್ನುವುದು ಸಲ್ಲದು. ಮಗುವಿನ ಆಹಾರವನ್ನು ಅಲ್ಲಿ ಸಿದ್ಧಪಡಿಸಲಾಗದು. ತೆಗೆದ ಹಾಲನ್ನು ತೊಳೆದು ಶುಚಿಗೊಳಿಸಿದ ಮುಚ್ಚಳದ ಪಾತ್ರೆಯಲ್ಲಿಟ್ಟು ದಿನಾಂಕ, ಸಮಯ ಬರೆಯಬೇಕು. ಇಂಥ ಹಾಲು 25 ಡಿಗ್ರಿವರೆಗಿನ ಉಷ್ಣಾಂಶದಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ ಸುಮಾರು 6 ತಿಂಗಳು ಉತ್ತಮ ಸ್ಥಿತಿಯಲ್ಲಿರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 25 ಡಿಗ್ರಿ ಎಂಬುದು ಕನಸಿನ ಮಾತು. ಅಲ್ಲಿ ಫ್ರಿಜ್ ಇಲ್ಲವೇ ಮಂಜುಗಡ್ಡೆಯ ಪೊಟ್ಟಣಗಳಿರುವ ಡಬ್ಬಿ ಅತ್ಯಗತ್ಯ. ಅಂಥ ಡಬ್ಬಿಯಲ್ಲಿ ಒಂದು ದಿನ ಹಾಲು ಕೆಡದು, ಮನೆಗೆ ಒಯ್ಯುವುದಕ್ಕೂ ಅನುಕೂಲ. ಹಾಲನ್ನು ಕುದಿಸಬಾರದು, ಮೈಕ್ರೋವೇವ್‌ನಲ್ಲಿ ಇಡಬಾರದು. ಪಾತ್ರೆಯನ್ನು ಬಿಸಿನೀರಿನಲ್ಲಿರಿಸಿ ಬೆಚ್ಚಗೆ ಮಾಡಿದರೆ ಸಾಕು. ಹೆಪ್ಪುಗಟ್ಟಿದ್ದನ್ನು ಕರಗಿಸಿದ ಮೇಲೆ ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಅದನ್ನು ಲೋಟದಿಂದಲೋ ಒಳಲೆಯಿಂದಲೋ ಕುಡಿಸಬಹುದು; ಬಾಟಲಿಯೇ ಆಗಬೇಕೆಂದಿಲ್ಲ.

ಔಷಧ ಮತ್ತು ದಿನಸಿ ವರ್ತಕರಿಗೆ ಇಲ್ಲಿ ಬೇರೊಂದು ಹೊಣೆಯೂ ಇದೆ. 1992ರ ಶಿಶು ಹಾಲು ಬದಲಿಗಳ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯು ಎರಡು ವರ್ಷದೊಳಗಿನ ಮಕ್ಕಳ ಹಾಲುಪುಡಿ, ಶಿಶು ಆಹಾರ ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನೂ ಮಾರಾಟ ಹೆಚ್ಚಿಸಲು ಉಡುಗೊರೆ, ರಿಯಾಯಿತಿ ಕೂಪನ್ ನೀಡುವುದನ್ನೂ ನಿಷೇಧಿಸಿದೆ. ವೈದ್ಯರು ಸೂಚಿಸಿದವರಿಗೆ ಮಾರುವುದು ವ್ಯಾಪಾರ. ಕೆಲಸಕ್ಕೆ ಹೊರಟ ತಾಯಿಯ ಆತಂಕವನ್ನು ಬಳಸಿಕೊಂಡು ಡಬ್ಬ ಹೊರಿಸುವುದು ಅಪರಾಧಕ್ಕೆ ದಾರಿ. ಎದೆಹಾಲನ್ನೇ ಸರಕಾಗಿಸುವುದೂ ಸಲ್ಲದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಎಚ್ಚರಿಸಿದೆ.

ಸಣ್ಣ ಘಟಕಗಳಿಗೆ ಒಬ್ಬೊಬ್ಬರೇ ಶಿಶುವಿಹಾರ ನಡೆಸುವುದು ಕಷ್ಟ. ಹಲವು ಸಂಸ್ಥೆಗಳು ಸೇರಿ ಸಾಮೂಹಿಕ ಶಿಶುವಿಹಾರ ನಡೆಸಲು ಹೊಸ ಸಂಹಿತೆ ಅವಕಾಶ ನೀಡಿದೆ. ಕೈಗಾರಿಕಾ ವಸಾಹತುಗಳ ಸಂಘಗಳೂ ಮಾರುಕಟ್ಟೆ ಪ್ರಾಂಗಣದ ವರ್ತಕರ ಸಂಘಗಳೂ ಒಂದೊಂದು ಕೋಣೆಯನ್ನು ಇದಕ್ಕಾಗಿ ಮೀಸಲಿಟ್ಟು, ತಲಾ ವಂತಿಗೆಯಿಂದ ನಡೆಸಿದರೆ ಕಾನೂನು ಪಾಲನೆಯೂ ಆಗುತ್ತದೆ, ಖರ್ಚೂ ಹಂಚಿಹೋಗುತ್ತದೆ. ವಾಣಿಜ್ಯ ಸಂಸ್ಥೆಗಳು ಈ ಕಾರ್ಯಕ್ಕೆ ಮುಂದಾಳತ್ವ ವಹಿಸುವುದು ಉಚಿತ. ಪ್ರತಿ ವರ್ಷ ಆಗಸ್ಟ್ ಮೊದಲ ವಾರ ಆಚರಿಸುವ ವಿಶ್ವ ಸ್ತನ್ಯಪಾನ ಸಪ್ತಾಹವು ಭಾಷಣಗಳಲ್ಲೇ ಮುಗಿಯುವ ಬದಲು ಒಂದೊಂದು ವಸಾಹತಿನಲ್ಲಿ ಒಂದೊಂದು ಕೋಣೆಯ ಬಾಗಿಲು ತೆರೆಯುವ ವಾರವಾದರೆ, ತಾಯಿ, ಮಗು ಮತ್ತು ಮಾಲೀಕ ಮೂವರ ಲೆಕ್ಕವೂ ತಾಳೆಯಾದೀತು.